ಮೊದಲು ಚಿಕಿತ್ಸೆ, ಆಮೇಲೆ ಪೊಲೀಸು

ಕತ್ರಿಗುಪ್ಪೆಯ ವರ್ತುಲ ರಸ್ತೆಯಲ್ಲಿ ಸ್ಕೂಟರ್ ಸವಾರನೊಬ್ಬ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನೆನ್ನಿ. ‘ಇದು ಪೊಲೀಸ್ ಕೇಸು, ವಿಕ್ಟೋರಿಯಾ ಆಸ್ಪತ್ರೆಗೆ ಒಯ್ಯಿರಿ’ ಎಂದು ಹತ್ತಿರದ ನರ್ಸಿಂಗ್ ಹೋಂ ಬಾಗಿಲಲ್ಲೇ ಸಾಗಹಾಕಬಹುದೇ? ಕೂಡದು. ಈ ಉತ್ತರಕ್ಕೆ ಕಾರಣವಾದದ್ದು ಒಂದು ಪತ್ರಿಕಾ ವರದಿ.

ಕಾರು ಡಿಕ್ಕಿ ಹೊಡೆದು ಗಾಯಗೊಂಡಿದ್ದ ಸ್ಕೂಟರ್ ಸವಾರನೊಬ್ಬನನ್ನು ದಾರಿಹೋಕರು ಹತ್ತಿರದ ಆಸ್ಪತ್ರೆಗೆ ತಂದರು. ಇಂಥ ಪ್ರಕರಣ ನೋಡಲು ತಮಗೆ ಅಧಿಕಾರವಿಲ್ಲವೆಂದು ವೈದ್ಯರು ಸುಮಾರು 20 ಕಿ.ಮೀ. ದೂರದ ಆಸ್ಪತ್ರೆಗೆ ಕಳುಹಿಸಿದರು. ಗಾಯಾಳು ದಾರಿಯಲ್ಲೇ ಅಸುನೀಗಿದ. ಸುದ್ದಿ ಓದಿದ ಪರಮಾನಂದ ಕಟಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1989ರ ಆಗಸ್ಟ್ 28ರ ತೀರ್ಪು ಹೇಳಿದ್ದಿಷ್ಟು: ಸರ್ಕಾರಿಯಿರಲಿ, ಖಾಸಗಿಯಿರಲಿ, ಜೀವ ಉಳಿಸುವುದು ಪ್ರತಿ ವೈದ್ಯನ ಕರ್ತವ್ಯ, ಪೊಲೀಸರ ವಿಧಿವಿಧಾನ ಮುಗಿಯಲೆಂದು ಚಿಕಿತ್ಸೆ ಕಾಯಬೇಕಿಲ್ಲ.

ವೈದ್ಯರ ಅಂಜಿಕೆ ಸುಳ್ಳೇನಲ್ಲ. ಸಾಕ್ಷಿ ಹೇಳಲು ಕೋರ್ಟಿಗೆ ಅಲೆದವರಿಗೆ ಅದು ಗೊತ್ತು. ಆದ್ದರಿಂದಲೇ ಅವರನ್ನು ವಿನಾಕಾರಣ ಪೀಡಿಸಬಾರದೆಂದೂ ಅದೇ ತೀರ್ಪು ಪೊಲೀಸರಿಗೆ, ವಕೀಲರಿಗೆ ತಾಕೀತು ಮಾಡಿತು.

ಇನ್ನು ದುಡ್ಡಿನ ಮಾತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಯಿತು. ತುರ್ತು ಚಿಕಿತ್ಸೆಗೆ ಮುಂಗಡ ಹಣ ಕೇಳುವಂತಿಲ್ಲ; ರೋಗಿ ತೀರಿಕೊಂಡರೆ ಬಿಲ್ಲು ಬಾಕಿಯೆಂದು ಶವವನ್ನು ತಡೆದಿಡುವಂತಿಲ್ಲ. ತಿದ್ದುಪಡಿಯ ಮಸೂದೆಯನ್ನು ವಿರೋಧಿಸಿ ಆ ವರ್ಷದ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಬೆಂಗಳೂರಿಗರಿಗೆ ನೆನಪಿರಬಹುದು.

ಹಾಗೆಂದು ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ ತಲೆಯ ಶಸ್ತ್ರಚಿಕಿತ್ಸೆ ಆಗಬೇಕೆಂದು ಯಾರೂ ಕೇಳುತ್ತಿಲ್ಲ. ತನ್ನ ಅನುಭವಕ್ಕೆ ಮೀರಿದ ರೋಗಿಯನ್ನು ಬೇರೆಡೆ ಕಳುಹಿಸಲು ವೈದ್ಯಕೀಯ ಮಂಡಳಿಯ 2002ರ ನಿಯಮಗಳೇ ಅವಕಾಶ ಕೊಡುತ್ತವೆ. ಆದರೆ ಅದಕ್ಕೆ ಮೊದಲು ರಕ್ತ ನಿಲ್ಲಿಸಬೇಕು, ಉಸಿರಾಟ ನೋಡಬೇಕು, ಕೊಟ್ಟ ಔಷಧವನ್ನು ಚೀಟಿಯಲ್ಲಿ ಬರೆದು ಜೊತೆಗೆ ಕಳುಹಿಸಬೇಕು.