ಸಹಪಾಠಿನಿಯರ ಸಮ್ಮೇಳನವೂ ಅಗಲಿದವರ ಸ್ಮರಣೆಯೂ

ಶಾಲೆಯನ್ನು ಬಿಟ್ಟು ಬಹುಕಾಲವಾದ ಮೇಲೆ ಒಂದೇ ತರಗತಿಯ ವಿದ್ಯಾರ್ಥಿನಿಯರು ಮತ್ತೊಮ್ಮೆ ಒಂದೆಡೆ ಸೇರುವ ಪದ್ಧತಿಯು ಈಗ ನಮ್ಮ ನಾಡಿನಲ್ಲಿ ಚೆನ್ನಾಗಿ ಬೇರೂರಿರುವುದು. ಇಂತಹ ಸಮ್ಮೇಳನಗಳ ಊಟೋಪಚಾರ, ಹಾಡು, ವಿನೋದಗಳ ವಿಷಯವಾಗಿ ಬರೆದವರು ಅನೇಕರಿದ್ದಾರೆ. ಆದರೆ ಈ ಲೋಕವನ್ನೇ ಬಿಟ್ಟುಹೋದ ಸಹಪಾಠಿನಿಯರನ್ನು ಆ ದಿನ ಹೇಗೆ ಸ್ಮರಿಸಬೇಕೆಂಬುದನ್ನು ವಿಚಾರಿಸಿದವರು ವಿರಳ. ಕಾರ್ಯಕ್ರಮದ ಪಟ್ಟಿಯಲ್ಲಿ ‘ಮೌನ ಪ್ರಾರ್ಥನೆ’ ಎಂದು ಒಂದು ಸಾಲನ್ನು ಅಚ್ಚುಹಾಕಿಸಿದರೆ ಆ ಕರ್ತವ್ಯವು ತೀರಿತೆಂದು ನಾವೂ ಬಹುಕಾಲ ತಿಳಿದುಕೊಂಡಿದ್ದೆವು. ಹಾಗಲ್ಲವೆಂಬುದನ್ನು ನಮ್ಮದೇ ಒಂದು ತಪ್ಪಿನಿಂದ ಕಲಿತೆವು. ಅದನ್ನು ಮರೆಮಾಡದೆ ಹೇಳಿ, ಮುಂದೆ ಸಮ್ಮೇಳನವನ್ನು ಕೂಡಿಸುವ ಸಹೋದರಿಯರಿಗೆ ಉಪಯೋಗವಾಗಬಹುದಾದ ಕೆಲವು ಸಂಗತಿಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶವು.

೧೯೭೪ನೆಯ ಇಸವಿಯಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತ ನಮ್ಮ ತರಗತಿಯಲ್ಲಿ ನಾವು ನಾಲ್ವತ್ತೆರಡು ಮಂದಿ ಇದ್ದೆವು. ಇಪ್ಪತ್ತೈದು ವರ್ಷಗಳಾದಾಗ, ಅಂದರೆ ೧೯೯೯ರಲ್ಲಿ, ಮೊದಲನೆಯ ಸಾರಿ ಸಮ್ಮೇಳನವನ್ನು ಕೂಡಿಸಿದೆವು. ಎಲ್ಲರ ತವರುಮನೆಗಳಿಗೂ ಕರೆಯೋಲೆಗಳನ್ನು ಕಳುಹಿಸಿದ್ದೆವು. ಕಿಟಕಿಯ ಬಳಿಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ಗೆಳತಿಯಿಂದ ಮಾತ್ರ ಉತ್ತರವೇ ಬರಲಿಲ್ಲ. ‘ಅವಳು ಮುಂಬಯಿ ಸೇರಿದವಳು, ನಮ್ಮ ನೆನಪು ಅವಳಿಗೆಲ್ಲಿಂದ?’ ಎಂದು ಯಾರೋ ಅಂದರು, ನಾವು ನಕ್ಕೆವು. ಮುಂದೆ ಕಾಗದ ಬರೆಯುವವರ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೀಟೆಳೆದವರೂ ನಾವೇ. ಆಗ ಅವಳು ತೀರಿಹೋಗಿ ಹದಿನಾರು ವರ್ಷಗಳಾಗಿದ್ದುವು.

ಒಂದೇ ಊರಿನ ಸುತ್ತುಮುತ್ತಲಲ್ಲಿ ಬೆಳೆದ ಹುಡುಗಿಯರಲ್ಲಿ ಇಂತಹ ಅಜ್ಞಾನವು ಹೇಗೆ ಸಂಭವಿಸುವುದೆಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವು ಹೆಣ್ಣುಮಕ್ಕಳ ಹೆಸರಿನಲ್ಲಿಯೇ ಇರುವುದು. ಗಂಡುಮಕ್ಕಳ ಶಾಲೆಯಲ್ಲಿ ಕಲಿತವನು ಅರುವತ್ತು ವರ್ಷದ ಮುದುಕನಾದರೂ ಹಾಜರಿ ಪುಸ್ತಕದ ಹೆಸರಿನಿಂದಲೇ ಕರೆಯಲ್ಪಡುತ್ತಾನೆ. ಹುಡುಗಿಗಾದರೋ ಶಾಲೆಯಲ್ಲಿ ತಂದೆಯ ಹೆಸರು, ವಿವಾಹಾನಂತರ ಗಂಡನ ಹೆಸರು. ಕರಾವಳಿಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ಅವಳಿಗಿಟ್ಟ ಹೆಸರನ್ನೇ ಬದಲಾಯಿಸುವ ವಾಡಿಕೆಯೂ ಇತ್ತು. ಹೀಗೆ ಹೆಸರೂ ಊರೂ ಒಟ್ಟಿಗೆ ಬದಲಾದವಳ ಮರಣವಾರ್ತೆಯು ವರ್ತಮಾನ ಪತ್ರಿಕೆಯಲ್ಲಿ ಅಚ್ಚಾಗಿ ನಮ್ಮ ಕಣ್ಣಿಗೆ ಬಿದ್ದರೂ ಅದು ನಮ್ಮವಳದೆಂದು ಗೊತ್ತಾಗುವುದಿಲ್ಲ. ೧೯೬೯ನೆಯ ಕಾಯಿದೆಯ ಪ್ರಕಾರ ಜನನ ಮರಣಗಳನ್ನು ನೋಂದಾಯಿಸುವುದು ಕಡ್ಡಾಯವಾಗಿದ್ದರೂ, ಮರಣವು ಸಾಮಾನ್ಯವಾಗಿ ಕೊನೆಗಾಲದಲ್ಲಿದ್ದ ಹೆಸರಿನಲ್ಲಿಯೇ ದಾಖಲಾಗುವುದರಿಂದ ಶಾಲೆಯ ಹೆಸರನ್ನು ಹಿಡಿದು ಹುಡುಕುವವರಿಗೆ ಅದರಿಂದ ಸಹಾಯವು ಅಲ್ಪ. ಕ್ರೈಸ್ತ ಸಭೆಗಳಲ್ಲಿ ದೀಕ್ಷಾಸ್ನಾನ, ವಿವಾಹ, ಮರಣಗಳ ಪುಸ್ತಕಗಳಿರುವ ಕಾರಣ ಆ ಕುಟುಂಬಗಳ ಹುಡುಗಿಯರ ಜಾಡನ್ನು ಹಿಡಿಯುವುದು ಸ್ವಲ್ಪ ಸುಲಭ. ಆದರೆ ಮಿಶನ್ ಶಾಲೆಯ ಬೆಂಚುಗಳಲ್ಲಿ ಹಿಂದೂ, ಜೈನ, ಮುಸಲ್ಮಾನ ಮನೆತನಗಳ ಮಕ್ಕಳೂ ನಮ್ಮೊಡನೆ ಕುಳಿತಿದ್ದರಲ್ಲವೇ? ಅವರನ್ನೆಲ್ಲ ಒಂದಾಗಿ ಬರೆದಿಟ್ಟಿರುವ ಪುಸ್ತಕವು ಶಾಲೆಯ ದಾಖಲಾತಿ ರಿಜಿಸ್ಟರ್ ಒಂದೇ.

೨೦೨೪ರಲ್ಲಿ, ಐವತ್ತು ವರ್ಷಗಳು ತುಂಬಿದಾಗ, ನಾವು ಆ ರಿಜಿಸ್ಟರಿನಿಂದಲೇ ಕೆಲಸವನ್ನಾರಂಭಿಸಿದೆವು. ಅದರಲ್ಲಿ ಪ್ರತಿಯೊಬ್ಬಳ ಹೆಸರು, ತಂದೆಯ ಇಲ್ಲವೆ ಪೋಷಕರ ಹೆಸರು, ವಾಸಸ್ಥಳ, ಹುಟ್ಟಿದ ತಾರೀಕು, ಶಾಲೆಯನ್ನು ಬಿಟ್ಟ ದಿನ ಇವೆಲ್ಲವೂ ಇರುತ್ತವೆ. ಅನೇಕರು ತರಗತಿಯ ಭಾವಚಿತ್ರವನ್ನು ಮುಂದಿಟ್ಟುಕೊಂಡು ಪಟ್ಟಿಮಾಡುವರು; ಅದು ಸಾಲದು. ಚಿತ್ರ ತೆಗೆದ ದಿನ ಜ್ವರದಿಂದ ಮನೆಯಲ್ಲಿ ಮಲಗಿದ್ದವಳು ಚಿತ್ರದಲ್ಲಿಲ್ಲ. ಅವಳನ್ನು ಒಮ್ಮೆ ಬಿಟ್ಟ ನಾವು ಪುನಃ ಬಿಡಬಾರದು. ಕಿಟಕಿಯ ಬಳಿಯ ಗೆಳತಿಯೂ ಆ ಚಿತ್ರದಲ್ಲಿರಲಿಲ್ಲ.

ರಿಜಿಸ್ಟರಿನಲ್ಲಿದ್ದ ವಿಳಾಸವನ್ನು ಹಿಡಿದು ನಮ್ಮಲ್ಲಿ ಇಬ್ಬರು ಅವಳ ತವರುಮನೆಗೆ ಹೋದರು. ಅವಳ ತಾಯಿ ಇನ್ನೂ ಇದ್ದರು. ಮಗಳು ೧೯೮೩ರಲ್ಲಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳೆಂದು ಹೇಳಿ, ಒಳಗಿನಿಂದ ಒಂದು ತಗಡಿನ ಪೆಟ್ಟಿಗೆಯನ್ನು ತರಿಸಿದರು. ಅದರಲ್ಲಿ ನಮ್ಮ ೧೯೯೯ರ ಕರೆಯೋಲೆಯು ಮಡಿಕೆ ಕೂಡ ಕೆಡದೆ ಇತ್ತು. “ಏನೆಂದು ಬರೆಯಲಿ ಮಕ್ಕಳೇ? ಕಾಗದ ಬಂದದ್ದು ಅವಳಿಗೆ. ಉತ್ತರ ಅವಳೇ ಬರೆಯಬೇಕಿತ್ತು,” ಎಂದರು. ಈ ಸಾರಿ ಸಮ್ಮೇಳನದಲ್ಲಿ ಅವಳ ಹೆಸರನ್ನು ಓದುತ್ತೇವೆಂದು ತಿಳಿಸಿದಾಗ, “ಯಾವ ಹೆಸರು?” ಎಂದು ಕೇಳಿದರು. ಶಾಲೆಯಲ್ಲಿದ್ದ ಹೆಸರೆಂದಾಗ ಆ ವೃದ್ಧೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹೆಸರಿನಿಂದ ಅವಳನ್ನು ನೆನೆಯುವವಳು ನಾನೊಬ್ಬಳೇ ಉಳಿದಿದ್ದೇನೆಂದು ತಿಳಿದಿದ್ದೆ,” ಎಂದರು.

ಅಂತೂ ಪಟ್ಟಿಯು ಪೂರ್ಣವಾದಾಗ ನಾಲ್ವತ್ತೆರಡು ಮಂದಿಯಲ್ಲಿ ಬರುವುದಾಗಿ ಒಪ್ಪಿದವರು ಹತ್ತೊಂಬತ್ತು, ಬರಲು ಅನುಕೂಲವಿಲ್ಲದವರು ಹನ್ನೆರಡು, ತೀರಿಹೋದವರು ಎಂಟು, ಎಲ್ಲಿರುವರೆಂದು ತಿಳಿಯದವರು ಮೂವರು ಎಂದು ಗೊತ್ತಾಯಿತು. ತೀರಿಹೋದ ಎಂಟು ಮಂದಿಯಲ್ಲಿ ಇಬ್ಬರು ಮೂವತ್ತು ವರ್ಷ ತುಂಬುವ ಮೊದಲೇ ಹೆರಿಗೆಯಲ್ಲಿ ಸತ್ತವರು. ನಮ್ಮ ದೇಶದಲ್ಲಿ ಲಕ್ಷ ಸಜೀವ ಜನನಗಳಿಗೆ ೧೯೯೭–೯೮ರಲ್ಲಿ ೩೯೮ ಮಂದಿ ತಾಯಂದಿರು ಸಾಯುತ್ತಿದ್ದರು. ೨೦೧೮–೨೦ರ ಗಣನೆಯಲ್ಲಿ ಆ ಸಂಖ್ಯೆಯು ೯೭ಕ್ಕೂ, ಕರ್ನಾಟಕದಲ್ಲಿ ೬೯ಕ್ಕೂ ಇಳಿದಿತ್ತು. ಈ ಅಂಕೆಗಳನ್ನು ಓದುವಾಗ ನಮಗೆ ಆ ಇಬ್ಬರ ಮುಖಗಳೇ ಕಣ್ಣಮುಂದೆ ಬರುತ್ತವೆ. ಇನ್ನೊಬ್ಬಳು ೨೦೨೧ರ ಕೋವಿಡ್ ಸಾಂಕ್ರಾಮಿಕದಲ್ಲಿ ತೀರಿಕೊಂಡಳು; ಒಂದೇ ಊರಿನಲ್ಲಿದ್ದರೂ ನಾವು ಅವಳನ್ನು ಕಡೆಯ ಸಾರಿ ನೋಡಲು ಹೋಗಲಾಗಲಿಲ್ಲ.

ಇನ್ನು ಸ್ಮರಣೆಯ ಕ್ರಮವನ್ನು ಕುರಿತು ನಮ್ಮ ಅನುಭವದಿಂದ ತಿಳಿದುದನ್ನು ಹೇಳುವೆವು.

ಮೊದಲನೆಯದಾಗಿ, ಮರಣವಾರ್ತೆಯನ್ನು ಕುಟುಂಬದವರ ಬಾಯಿಂದಲೇ ಕೇಳಿ ನಿಶ್ಚಯಿಸಿಕೊಳ್ಳಬೇಕು. ‘ಹೋದಳಂತೆ’ ಎಂಬ ಮಾತನ್ನು ನಂಬಿ ಬದುಕಿರುವವಳ ಹೆಸರನ್ನು ಓದಿದರೆ ಆ ಅಪರಾಧಕ್ಕೆ ಪರಿಹಾರವಿಲ್ಲ. ಎಲ್ಲಿರುವರೆಂದು ತಿಳಿಯದವರನ್ನು ತೀರಿಹೋದವರೊಡನೆ ಸರ್ವಥಾ ಸೇರಿಸಬಾರದು.

ಎರಡನೆಯದಾಗಿ, ಹೆಸರುಗಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿಯೇ ಓದಬೇಕು. ದೊಡ್ಡ ಉದ್ಯೋಗದಲ್ಲಿದ್ದವರನ್ನು ಮುಂದಕ್ಕೂ, ಎಂಟನೆಯ ತರಗತಿಗೇ ಶಾಲೆ ಬಿಟ್ಟವರನ್ನು ಹಿಂದಕ್ಕೂ ಹಾಕುವುದು ಸಲ್ಲದು. ಶಾಲೆಯ ಹೆಸರನ್ನು ಮೊದಲು ಓದಿ, ಮದುವೆಯ ನಂತರದ ಹೆಸರನ್ನೂ ಹೇಳಿದರೆ ಕುಟುಂಬದವರಿಗೂ ಸಮಾಧಾನ. ನಾವು ತೀರಿಹೋದವರ ಹೆಸರುಗಳನ್ನು ಪ್ರತ್ಯೇಕವಾಗಿ ಓದಲಿಲ್ಲ. ನಾಲ್ವತ್ತೆರಡು ಹೆಸರುಗಳನ್ನೂ ಹಿಂದಿನಂತೆಯೇ ಕೂಗಿದೆವು. ಬಂದವರು ‘ಪ್ರೆಸೆಂಟ್ ಟೀಚರ್’ ಎಂದರು. ಬಾರದವರ ವಿಷಯವಾಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದವಳು ಎದ್ದು ಒಂದು ಮಾತು ಹೇಳಿದಳು.

ಮೂರನೆಯದಾಗಿ, ಮರಣದ ಕಾರಣವನ್ನು ಸಭೆಯಲ್ಲಿ ಹೇಳಬಾರದು. ಕೆಲವರ ಮರಣವನ್ನು ಕುರಿತು ಅವರ ಮನೆಯವರೇ ಮಾತನಾಡಲಾರರು. ಇಸವಿಯೊಂದೇ ಸಾಕು. ಅವಳ ಅಕ್ಷರ ದುಂಡಗಿತ್ತೆಂದೋ, ಲೆಕ್ಕದ ಪಿರಿಯಡಿನಲ್ಲಿ ಹುಣಿಸೆಹಣ್ಣು ಹಂಚುತ್ತಿದ್ದಳೆಂದೋ ಹೇಳಿದರೆ ಅವಳು ನಮ್ಮೆದುರು ಬಂದು ನಿಲ್ಲುವಳು. ‘ಸುಶೀಲೆ, ಮೃದುಭಾಷಿಣಿ’ ಎಂಬ ಸಾಮಾನ್ಯ ಹೊಗಳಿಕೆಯು ಎಂಟು ಮಂದಿಗೂ ಒಂದೇ ರೀತಿಯಲ್ಲಿ ಒಪ್ಪುವುದರಿಂದ ಯಾರನ್ನೂ ನೆನಪಿಗೆ ತರಲಾರದು.

ನಾಲ್ಕನೆಯದಾಗಿ, ಪ್ರಾರ್ಥನೆಯ ವಿಷಯ. ಕ್ರೈಸ್ತರ ಮನೆಯಲ್ಲಿ ‘ಕರ್ತನಲ್ಲಿ ನಿದ್ರೆಹೋದಳು’ ಎನ್ನುವರು, ವೀರಶೈವರ ಮನೆಯಲ್ಲಿ ‘ಲಿಂಗೈಕ್ಯಳಾದಳು’ ಎನ್ನುವರು, ಮತ್ತೊಂದು ಮನೆಯಲ್ಲಿ ‘ದೈವಾಧೀನಳಾದಳು’ ಎನ್ನುವರು. ಎಲ್ಲರೂ ಕೂಡಿ ಮಾಡಬಹುದಾದ ಸ್ಮರಣೆಗೆ ಮೌನವೇ ಯೋಗ್ಯ. ಎರಡು ನಿಮಿಷದ ಮೌನವು ಬಹಳ ಪುರಾತನವಾದುದಲ್ಲ. ಒಂದನೆಯ ಮಹಾಯುದ್ಧವು ನಿಂತ ದಿನದ ಮೊದಲನೆಯ ವಾರ್ಷಿಕದಲ್ಲಿ, ೧೯೧೯ನೆಯ ನವಂಬರ ೧೧ರಂದು, ಐದನೆಯ ಜಾರ್ಜ್ ಅರಸರ ಕೋರಿಕೆಯಂತೆ ಅದು ಬ್ರಿಟಿಷ್ ಸಾಮ್ರಾಜ್ಯದಲ್ಲಿ ಆಚರಣೆಗೆ ಬಂದಿತು. ನಮ್ಮ ದೇಶದಲ್ಲಿ ಮಹಾತ್ಮಾ ಗಾಂಧಿಯವರು ೧೯೪೮ರಲ್ಲಿ ಹತರಾದ ಜನವರಿ ೩೦ರಂದು ಪ್ರತಿವರ್ಷವೂ ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನವಾಗಿ ನಿಲ್ಲುವುದುಂಟು. ಸಮ್ಮೇಳನದಲ್ಲಿ ಇದನ್ನು ಊಟಕ್ಕೆ ಮೊದಲು, ಹೆಸರು ಕೂಗಿದ ಕೂಡಲೇ ಇಟ್ಟುಕೊಳ್ಳಬೇಕು. ಊಟವಾದ ಮೇಲೆ ಇಟ್ಟುಕೊಂಡರೆ ಅರ್ಧ ಮಂದಿ ಬಸ್ಸಿಗೆ ಹೊರಟಿರುತ್ತಾರೆ.

ಐದನೆಯದಾಗಿ, ಸ್ಮರಣಾರ್ಥವಾಗಿ ಬಹುಮಾನದ ದತ್ತಿಯಿಡುವವರು ಒಂದು ಲೆಕ್ಕವನ್ನು ಗಮನಿಸಬೇಕು. ಸಾವಿರ ರೂಪಾಯಿಯ ದತ್ತಿಗೆ ನೂರಕ್ಕೆ ಆರರಂತೆ ವರ್ಷಕ್ಕೆ ಬರುವ ಬಡ್ಡಿಯು ಅರುವತ್ತು ರೂಪಾಯಿ. ನಮ್ಮ ಕಾಲದಲ್ಲಿ ಅದರಿಂದ ಒಳ್ಳೆಯ ಬಹುಮಾನವನ್ನು ಕೊಡಬಹುದಾಗಿತ್ತು. ಇಂದು ಎರಡು ನೋಟುಪುಸ್ತಕಗಳಿಗೂ ಸಾಲದೆ ಹೋಗಬಹುದು. ಆದಕಾರಣ ಬಡ್ಡಿಯ ಒಂದು ಪಾಲನ್ನು ವರ್ಷವರ್ಷವೂ ಅಸಲಿಗೆ ಸೇರಿಸುವಂತೆ ದತ್ತಿಪತ್ರದಲ್ಲಿಯೇ ಬರೆಯಿಸತಕ್ಕದ್ದು. ಇಲ್ಲವಾದರೆ ಹೆಸರು ಫಲಕದಲ್ಲಿ ಉಳಿದು ಬಹುಮಾನವು ನಿಂತುಹೋಗುವುದು.

ಕಡೆಯದಾಗಿ, ಸಮ್ಮೇಳನವು ಮುಗಿದ ಮೇಲೆ ತೀರಿಹೋದವರ ಮನೆಗಳಿಗೆ ಒಂದು ಕಾಗದವನ್ನು ಬರೆಯಬೇಕು. ನಾವು ಅದರೊಡನೆ, ಅವರವರ ಮಗಳ ಹೆಸರಿರುವ ಹಾಜರಿ ಪಟ್ಟಿಯ ಒಂದು ಪ್ರತಿಯನ್ನು ಕಳುಹಿಸಿದೆವು. ಕಿಟಕಿಯ ಬಳಿಯ ಗೆಳತಿಯ ತಾಯಿಯವರಿಗೆ ಅದನ್ನು ಕೈಯಾರೆ ತಲುಪಿಸಿದೆವು. ಅವರು ಅದನ್ನು ಕರೆಯೋಲೆಯಿದ್ದ ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡರು.

ಪೂರ್ವ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬಿನ್ನಹ. ಪ್ರತಿಯೊಂದು ತರಗತಿಯವರೂ ತಮ್ಮವರ ಶಾಲೆಯ ಹೆಸರು, ಈಗಿನ ಹೆಸರು, ಈಗಿನ ಊರು ಇವುಗಳನ್ನು ಬರೆದ ಒಂದು ಪಟ್ಟಿಯನ್ನು ಶಾಲೆಯ ಕಚೇರಿಗೆ ಒಪ್ಪಿಸಿ, ವರ್ಷಕ್ಕೊಮ್ಮೆ ತಿದ್ದಿಕೊಡಲಿ. ಮಾತಾಪಿತೃಗಳಲ್ಲಿಯೂ ಒಂದು ಪ್ರಾರ್ಥನೆ. ನಿಮ್ಮ ಮಗಳ ಹೆಸರಿಗೆ ಶಾಲೆಯಿಂದ ಕಾಗದ ಬಂದಾಗ ಅವಳು ದೂರದಲ್ಲಿದ್ದರೂ, ಇಲ್ಲದಿದ್ದರೂ, ಒಂದು ಸಾಲಿನ ಉತ್ತರವನ್ನು ನೀವೇ ಬರೆಯಿರಿ. ೧೯೯೯ರಲ್ಲಿ ಉತ್ತರ ಬಾರದಾಗ ನಾವು ನಕ್ಕುಬಿಟ್ಟೆವು. ಆ ದಿನ ಒಬ್ಬರಾದರೂ ಎದ್ದು ಅವಳ ತವರುಮನೆಯ ತನಕ ಹೋಗಬೇಕಾಗಿತ್ತು. ನಮ್ಮ ಪಟ್ಟಿಯಲ್ಲಿ ಇನ್ನೂ ಮೂವರ ಸುದ್ದಿ ತಿಳಿಯಬೇಕಾಗಿದೆ. ಹುಡುಕುತ್ತಿದ್ದೇವೆ.