ರೇಷ್ಮೆಯ ಎಳೆಗಿಂತ ತೆಳುವಾದ ಕಿವಿ

ಮೊಳಕಾಲ್ಮೂರು ಎಂದೊಡನೆ ಯಾರಿಗಾದರೂ ಮೊದಲು ನೆನಪಾಗುವುದು ಅಲ್ಲಿಯ ರೇಷ್ಮೆ ಸೀರೆ. ಆ ಸೀರೆಯ ನೂಲು ಅನೇಕ ಎಳೆಗಳು ಕೂಡಿ ಆದದ್ದು. ಗೂಡಿನಿಂದ ಬಿಚ್ಚಿದ ಒಂಟಿ ಎಳೆಯ ದಪ್ಪ ಸುಮಾರು ೨೦ ಮೈಕ್ರಾನ್. ಎಂದರೆ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು. ಇದಕ್ಕಿಂತಲೂ ತೆಳುವಾದ ಪೊರೆಯೊಂದು ಹಾಡುವವರ ಮುಂದೆ ನಿಂತು ಅವರ ದನಿಯನ್ನು ಆಲಿಸುತ್ತದೆಂದರೆ ನಂಬುವಿರಾ? ಕಂಡೆನ್ಸರ್ ಮೈಕಿನ ಒಳಗೆ ಅಂಥ ಪೊರೆಯಿದೆ. ಲೋಹದ ತೆಳುಲೇಪ ಪಡೆದ ಪ್ಲಾಸ್ಟಿಕ್ಕಿನ ಆ ಪೊರೆಯ ದಪ್ಪ ಅನೇಕ ಮೈಕುಗಳಲ್ಲಿ ೩ರಿಂದ ೬ ಮೈಕ್ರಾನ್ ಮಾತ್ರ.

ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳು ಮಳೆಗೆ ಬಡವಾದರೂ ಹಾಡಿಗೆ ಬಡವಲ್ಲ. ಮ್ಯಾಸನಾಯಕರ ಉರುಮೆ, ಕಾಡುಗೊಲ್ಲರ ಗಣೆ, ಹಟ್ಟಿಯ ಹೆಣ್ಣುಮಕ್ಕಳ ಸೋಬಾನೆ ಇವೆಲ್ಲ ಈ ಸೀಮೆಯ ಸಂಪತ್ತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೂ ಸಾವಿರಾರು ಸಾಲಿನ ಪದಗಳು ಆಕೆಯ ನೆನಪಿನಲ್ಲಿದ್ದುವು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಆಕೆಗೆ ನಾಡೋಜ ಗೌರವವನ್ನಿತ್ತಿತು. ಇಂಥ ಹಾಡುಗಳು ಹುಟ್ಟಿದ್ದು ಹಟ್ಟಿಯ ಅಂಗಳದಲ್ಲಿ, ಕೈಯಳತೆಯಲ್ಲಿ ಕುಳಿತು ಕೇಳುವವರಿಗಾಗಿ. ಅವನ್ನು ಜಾತ್ರೆಯ ವೇದಿಕೆಗೆ ತಂದು ಸಾವಿರ ಜನಕ್ಕೆ ಕೇಳಿಸಬೇಕಾದಾಗ ತೊಡಕು ಮೊದಲಾಗುತ್ತದೆ. ಕಥನಗೀತೆಯಲ್ಲಿ ಮಾತೇ ಪ್ರಾಣ. ನಾಲ್ಕು ಸೊಲ್ಲು ಕೇಳಿಸದೆ ಹೋದರೆ ಕಥೆಯ ಕೊಂಡಿಯೇ ಕಳಚುತ್ತದೆ.

ವೃದ್ಧೆಯರ ದನಿ ಮೆಲ್ಲಗಿದೆ, ಆದ್ದರಿಂದ ಬಹು ಸೂಕ್ಷ್ಮವಾದ ಮೈಕನ್ನು ತಂದಿಟ್ಟರೆ ಸಾಕು ಎಂದು ಅನೇಕರು ಭಾವಿಸುತ್ತಾರೆ. ಈ ಎಣಿಕೆ ಅರ್ಧ ನಿಜ. ಉಳಿದರ್ಧವನ್ನು ತಿಳಿಯಬೇಕಾದರೆ ಮೈಕು ಹೇಗೆ ಕೇಳುತ್ತದೆಂಬುದನ್ನು ನೋಡಬೇಕು.

ವೇದಿಕೆಗಳ ಮೇಲೆ ನೀವು ಹೆಚ್ಚಾಗಿ ಕಾಣುವುದು ಡೈನಮಿಕ್ ಮೈಕು. ಅದರಲ್ಲಿ ಪೊರೆಗೆ ತಂತಿಯ ಸುರುಳಿಯೊಂದು ಅಂಟಿಕೊಂಡಿದೆ. ಸುರುಳಿಯ ಸುತ್ತ ಅಯಸ್ಕಾಂತವಿದೆ. ದನಿಗೆ ಪೊರೆ ಕಂಪಿಸಿದಾಗ ಸುರುಳಿಯೂ ಆಡುತ್ತದೆ, ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದು ಗಟ್ಟಿಮುಟ್ಟಾದ ಸಾಧನ. ಆದರೆ ಹೊತ್ತ ಸುರುಳಿಯ ಭಾರದಿಂದಾಗಿ ಪೊರೆಯು ಅತಿ ವೇಗದ ಕಂಪನಗಳಿಗೆ ಚುರುಕಾಗಿ ಓಗೊಡಲಾರದು.

ಕಂಡೆನ್ಸರ್ ಮೈಕಿನಲ್ಲಿ ಸುರುಳಿಯೇ ಇಲ್ಲ. ಪೊರೆಯ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ಲೋಹದ ತಟ್ಟೆಯೊಂದಿದೆ. ಇವೆರಡೂ ಸೇರಿ ವಿದ್ಯುದಂಶವನ್ನು ಹಿಡಿದಿಡುವ ಒಂದು ಧಾರಕವಾಗುತ್ತವೆ. ದನಿ ತಾಗಿದಾಗ ಪೊರೆ ತಟ್ಟೆಯತ್ತ ಸರಿಯುತ್ತದೆ, ಹಿಂದೆಗೆಯುತ್ತದೆ; ಅಂತರ ಬದಲಾದಂತೆ ಧಾರಕದ ವೋಲ್ಟೇಜು ಏರಿಳಿಯುತ್ತದೆ. ಅಮೆರಿಕದ ಇ. ಸಿ. ವೆಂಟೆ ಎಂಬುವರು ೧೯೧೬ರಲ್ಲಿ ಇದನ್ನು ರಚಿಸಿದಾಗ ಅವರ ಮುಖ್ಯೋದ್ದೇಶ ದನಿಯ ಪ್ರಮಾಣವನ್ನು ಕರಾರುವಾಕ್ಕಾಗಿ ಅಳೆಯುವುದಾಗಿತ್ತು. ಅಳತೆಯ ಸಾಧನವೊಂದು ಹಾಡಿನ ಸಾಧನವಾದ ಸ್ವಾರಸ್ಯ ಇದು! ಹಾಡುವವರು ಉಸಿರೆಳೆದುಕೊಳ್ಳುವ ಸದ್ದು, ಸ, ಶ, ಷಕಾರಗಳ ಅಂಚು, ಸೊಲ್ಲಿನ ಕೊನೆಯ ತೆಳುವಾದ ಎಳೆತ ಇವನ್ನೆಲ್ಲ ಅದು ಬಿಡದೆ ಹಿಡಿಯುತ್ತದೆ.

ಹೀಗೆ ಹುಟ್ಟುವ ಸಂಕೇತ ಬಹಳ ದುರ್ಬಲ. ಮೈಕಿನ ಒಡಲಲ್ಲೇ ಇರುವ ಪುಟ್ಟ ವಿದ್ಯುನ್ಮಂಡಲವೊಂದು ಅದನ್ನು ತಂತಿಯಲ್ಲಿ ಸಾಗುವಂತೆ ಸಿದ್ಧಗೊಳಿಸುತ್ತದೆ. ಅದಕ್ಕೆ ವಿದ್ಯುತ್ತನ್ನು ಹೊರಗಿನಿಂದ ಊಡಬೇಕು. ೧೯೬೨ರಲ್ಲಿ ಸೆಸ್ಲರ್ ಮತ್ತು ವೆಸ್ಟ್ ಎಂಬ ವಿಜ್ಞಾನಿಗಳು ವಿದ್ಯುದಂಶವನ್ನು ತಾನಾಗಿ ಹಿಡಿದಿಟ್ಟುಕೊಳ್ಳುವ ಎಲೆಕ್ಟ್ರೆಟ್ ಪೊರೆಯ ಮೈಕನ್ನು ರೂಪಿಸಿದರು. ಆದರೂ ಒಳಗಿನ ಮಂಡಲಕ್ಕೆ ಊಡಿಕೆ ತಪ್ಪಲಿಲ್ಲ. ಈ ಊಡಿಕೆಯನ್ನು ಮಿಕ್ಸರಿನಿಂದ ಅದೇ ಕೇಬಲ್ಲಿನ ಮೂಲಕ ಕಳುಹಿಸುವ ಉಪಾಯಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು. ಫ್ಯಾಂಟಮ್ ಎಂದರೆ ಭೂತ. ಇದರ ಒತ್ತಡ ೪೮ ವೋಲ್ಟು. ಆ ಸಂಖ್ಯೆಯ ಹಿಂದೆ ಒಂದು ಕಥೆಯಿದೆ: ೧೯೬೬ರಲ್ಲಿ ಜರ್ಮನಿಯ ನಾಯ್ಮನ್ ಸಂಸ್ಥೆ ನಾರ್ವೆಯ ಬಾನುಲಿಗೆ ಮೈಕುಗಳನ್ನು ಒದಗಿಸಿದಾಗ ಅಲ್ಲಿ ತುರ್ತುದೀಪಗಳಿಗೆಂದು ೪೮ ವೋಲ್ಟಿನ ಏರ್ಪಾಡು ಮೊದಲೇ ಇತ್ತು, ಅದನ್ನೇ ಬಳಸಿಕೊಂಡರು, ಅದೇ ರೂಢಿಯಾಯಿತು.

ಹಾಗಾದರೆ ಭೂತವೆಂದೇಕೆ ಕರೆದರು? ಕೇಬಲ್ಲಿನಲ್ಲಿ ದನಿಯನ್ನು ಒಯ್ಯುವ ತಂತಿಗಳು ಎರಡು. ಎರಡರ ಮೇಲೂ ಸಮನಾದ ೪೮ ವೋಲ್ಟು ಇರುವುದರಿಂದ ಅವುಗಳ ನಡುವೆ ವ್ಯತ್ಯಾಸವೇ ಇಲ್ಲ. ಡೈನಮಿಕ್ ಮೈಕಿನ ಸುರುಳಿಯನ್ನು ಆ ಎರಡರ ನಡುವೆ ಜೋಡಿಸಿದರೆ ಅದರಲ್ಲಿ ಈ ವಿದ್ಯುತ್ತು ಹರಿಯುವುದೇ ಇಲ್ಲ. ಅದರ ಪಾಲಿಗೆ ಊಡಿಕೆ ಇದ್ದೂ ಇಲ್ಲದಂತೆ. ಕೇಬಲ್ಲಿನ ಬೆಸುಗೆ ಕೆಟ್ಟು ಒಂದು ತಂತಿ ನೆಲತಂತಿಗೆ ತಾಗಿದ್ದರೆ ಮಾತ್ರ ಈ ಸಮತೋಲ ತಪ್ಪುತ್ತದೆ. ಕಂಡೆನ್ಸರ್ ಮೈಕು ವೇದಿಕೆಯ ಮೇಲೆ ಮೂಕವಾಗಿದ್ದರೆ ಮೊದಲು ಈ ಸ್ವಿಚ್ಚನ್ನು ನೋಡಬೇಕು. ಒತ್ತುವ ಮುನ್ನ ಆ ಸಾಲಿನ ಫೇಡರನ್ನು ಪೂರ್ತಿ ಇಳಿಸಿರಬೇಕು. ಇಲ್ಲವಾದರೆ ಧ್ವನಿವರ್ಧಕದಿಂದ ಗುಂಡು ಹಾರಿದಂಥ ಸದ್ದು ಬರುತ್ತದೆ.

ಈಗ ಅರ್ಧಸತ್ಯದ ಮಾತಿಗೆ ಬರೋಣ. ಒಳ್ಳೆಯ ಕಿವಿ ಎಲ್ಲವನ್ನೂ ಕೇಳುತ್ತದೆ. ಹಾಡನ್ನು ಹಿಡಿಯುವ ಪೊರೆ ಪಕ್ಕದ ಉರುಮೆಯನ್ನೂ, ಬಯಲ ಗಾಳಿಯನ್ನೂ, ಧ್ವನಿವರ್ಧಕದಿಂದ ತಿರುಗಿ ಬಂದ ಅದೇ ಹಾಡನ್ನೂ ಹಿಡಿಯುತ್ತದೆ. ಕೊನೆಯದು ಎಲ್ಲಕ್ಕಿಂತ ಅಪಾಯಕರ. ಮೈಕಿಗೆ ಹೊಕ್ಕ ದನಿ ದೊಡ್ಡದಾಗಿ ಹೊರಬಿದ್ದು, ಮತ್ತೆ ಮೈಕನ್ನು ಹೊಕ್ಕು, ಮತ್ತಷ್ಟು ದೊಡ್ಡದಾಗುತ್ತದೆ. ಸುತ್ತಿ ಬಂದ ದನಿ ಮೊದಲಿನದಕ್ಕಿಂತ ತಗ್ಗದೆ, ಅದರೊಡನೆ ತಾಳ ಕೂಡಿಬಂದ ಕಂಪನಸಂಖ್ಯೆಯಲ್ಲಿ ‘ಕೂಂಯ್’ ಎಂಬ ಊಳಿಡುವಿಕೆ ಏಳುತ್ತದೆ. ಇದನ್ನು ವಿವರಿಸಿದ ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ನರ ಹೆಸರಿನಿಂದ ಇದಕ್ಕೆ ಲಾರ್ಸೆನ್ ಪರಿಣಾಮವೆನ್ನುತ್ತಾರೆ. ಈ ಕೂಗು ಒಮ್ಮೆ ಎದ್ದಿತೆಂದರೆ, ವೇದಿಕೆಯ ಅಭ್ಯಾಸವಿಲ್ಲದ ಹಿರಿಯ ಹಾಡುಗಾರ್ತಿ ಬೆಚ್ಚಿ ಹಿಂದಕ್ಕೆ ಸರಿಯುತ್ತಾಳೆ. ಆಕೆ ಸರಿದಷ್ಟೂ ದನಿ ತಗ್ಗುತ್ತದೆ; ಮಿಕ್ಸರಿನವನು ಇನ್ನಷ್ಟು ಏರಿಸುತ್ತಾನೆ; ಕೂಗು ಮರಳಿ ಏಳುತ್ತದೆ.

ಇಲ್ಲಿ ದೂರದ ಲೆಕ್ಕವೊಂದನ್ನು ಗಮನಿಸಿ. ದೂರ ಎರಡರಷ್ಟಾದರೆ ದನಿಯ ಒತ್ತಡ ಅರ್ಧವಾಗುತ್ತದೆ. ಬಾಯಿಯಿಂದ ೫ ಸೆಂಟಿಮೀಟರಿನಲ್ಲಿದ್ದ ಮೈಕನ್ನು ೪೦ ಸೆಂಟಿಮೀಟರಿಗೆ ಒಯ್ದರೆ ಹಾಡು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರಡು ಮೀಟರು ಆಚೆಯಿರುವ ಉರುಮೆಯಾದರೋ ಹೆಚ್ಚುಕಡಿಮೆ ಮೊದಲಿನಷ್ಟೇ ಕೇಳುತ್ತಿರುತ್ತದೆ. ಫೇಡರನ್ನು ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ಮೈಕಿನಲ್ಲಿ ಒಮ್ಮೆ ಬೆರೆತು ಹೋದದ್ದನ್ನು ಮಿಕ್ಸರು ಬೇರ್ಪಡಿಸಲಾರದು. ಮಿಕ್ಸರೆಂಬ ಹೆಸರೇ ಹೇಳುವಂತೆ ಅದು ಬೆರೆಸುವ ಯಂತ್ರ. ದನಿ ಕೆಟ್ಟಾಗಲೆಲ್ಲ ಅದರ ತಿರುಪುಗಳನ್ನು ದೂರುವುದು ಸರಿಯಲ್ಲವೆಂದು ನನಗೆ ತೋರುತ್ತದೆ.

ಒಬ್ಬೊಬ್ಬರಿಗೂ ಒಂದೊಂದು ಮೈಕು ಕೊಟ್ಟರಾಗದೆ? ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಕೂಗು ಏಳದಂತೆ ಕೊಡಬಹುದಾದ ಶಕ್ತಿ ಅರ್ಧವಾಗುತ್ತದೆ. ಅಲ್ಲದೆ ಒಂದೇ ದನಿ ಎರಡು ಮೈಕುಗಳನ್ನು ಹೊಕ್ಕು, ದಾರಿಯಲ್ಲಿ ೩೪ ಸೆಂಟಿಮೀಟರು ವ್ಯತ್ಯಾಸವಿದ್ದರೆ, ಎರಡನೆಯದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ತಡವಾಗಿ ಬರುತ್ತದೆ. ಆಗ ಸೆಕೆಂಡಿಗೆ ೫೦೦ ಸಲ ಕಂಪಿಸುವ ಸ್ವರದಲ್ಲಿ ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಿದ್ದು ಆ ಸ್ವರ ಸೊರಗುತ್ತದೆ. ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಎರಡು ಮೈಕು ಬೇಕೇಬೇಕಾದಾಗ, ಹಾಡುವವರಿಗೂ ಅವರ ಮೈಕಿಗೂ ಇರುವ ದೂರದ ಮೂರರಷ್ಟನ್ನು ಮೈಕುಗಳ ನಡುವೆ ಬಿಡುವ ರೂಢಿಯುಂಟು.

ಮೈಕಿನ ದಿಕ್ಕೂ ಮುಖ್ಯ. ವೇದಿಕೆಯ ಮೈಕುಗಳಲ್ಲಿ ಹಲವು ಹೃದಯಾಕಾರದ ವ್ಯಾಪ್ತಿಯವು: ಮುಂದಿನದನ್ನು ಚೆನ್ನಾಗಿ ಕೇಳುತ್ತವೆ, ನೇರ ಹಿಂದಿನದಕ್ಕೆ ಕಿವುಡು. ಹಾಡುವವರಿಗೆ ತಮ್ಮ ದನಿ ಕೇಳಲೆಂದು ಇಡುವ ಮಾನಿಟರ್ ಪೆಟ್ಟಿಗೆ ಆ ಕಿವುಡು ಬದಿಯಲ್ಲಿರಬೇಕು. ಜನರ ಕಡೆಗಿನ ಧ್ವನಿವರ್ಧಕಗಳು ಮೈಕಿಗಿಂತ ಮುಂದಿರಬೇಕು. ಹಿಂದಿನ ದನಿಯನ್ನು ಅಳಿಸುವ ಕೆಲಸ ಮೈಕಿನ ತಲೆಯ ಹಿಂಬದಿಯ ಕಿಂಡಿಗಳದು. ಕೆಲವರು ಗತ್ತಿಗಾಗಿ ತಲೆಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಕಿಂಡಿ ಮುಚ್ಚುತ್ತದೆ, ಮೈಕು ಎಲ್ಲ ದಿಕ್ಕಿಗೂ ಕಿವಿ ತೆರೆಯುತ್ತದೆ, ಕೂಗು ಏಳುತ್ತದೆ.

ಹಾಗಾದರೆ ಯಾವ ಮೈಕು? ಉರುಮೆಯ ಅಬ್ಬರದ ಪಕ್ಕದಲ್ಲಿ ಗಟ್ಟಿ ದನಿಯವರು ನಿಂತು ಹಾಡುವುದಾದರೆ, ತುಟಿಯ ಹತ್ತಿರ ಹಿಡಿದ ಡೈನಮಿಕ್ ಮೈಕೇ ಮೇಲೆಂದು ನನ್ನ ಮತ. ವಾದ್ಯವಿಲ್ಲದೆ ಇಬ್ಬರು ಮೂವರು ಹೆಂಗಸರು ಒತ್ತಾಗಿ ಕುಳಿತು, ಒಬ್ಬಾಕೆ ಎತ್ತಿದ ಸೊಲ್ಲನ್ನು ಉಳಿದವರು ಹಿಡಿಯುವ ಹಾಡಿಗೆ ಕಂಡೆನ್ಸರಿನ ಸಮಾನವಿಲ್ಲ. ಕೈಯಲ್ಲಿ ಹಿಡಿಯುವ ಕಟ್ಟಳೆಯಿಲ್ಲ. ಅವರು ಹಟ್ಟಿಯಲ್ಲಿ ಕುಳಿತಂತೆಯೇ ಕುಳಿತಿರಬಹುದು. ಗಿಡ್ಡ ಸ್ಟ್ಯಾಂಡಿನ ಮೇಲೆ ಒಂದೇ ಮೈಕನ್ನು ಎಲ್ಲರ ಬಾಯಿಗೂ ಒಂದೇ ಅಳತೆಯಾಗುವಂತೆ, ಒಂದು ಗೇಣಿನಿಂದ ಒಂದೂವರೆ ಗೇಣಿನೊಳಗೆ ಇಟ್ಟರೆ ಯಾರ ದನಿ ಎಷ್ಟಿರಬೇಕೆಂಬುದನ್ನು ಅವರೇ ನೋಡಿಕೊಳ್ಳುತ್ತಾರೆ. ಅವರೆದುರಿಗೆ ಮಾನಿಟರ್ ಪೆಟ್ಟಿಗೆ ಬೇಡವೇ ಬೇಡ; ಅವರು ಹಾಡುವುದು ಪಕ್ಕದವಳ ದನಿ ಕೇಳಿ. ಭ, ಫ, ಪಕಾರಗಳ ಗಾಳಿ ಪೊರೆಗೆ ಬಡಿಯದಂತೆ ಸ್ಪಂಜಿನ ಟೊಪ್ಪಿಗೆ ಹಾಕಿ, ಮಿಕ್ಸರಿನಲ್ಲಿ ೧೦೦ಕ್ಕಿಂತ ಕೆಳಗಿನ ಕಂಪನಗಳನ್ನು ಕತ್ತರಿಸಿದರೆ ಗಾಳಿಯ ಗೊರಗೊರವೂ ಹಲಗೆಯ ಮೇಲಿನ ಹೆಜ್ಜೆಯ ಸದ್ದೂ ತಗ್ಗುತ್ತವೆ. ಹೆಣ್ಣುದನಿ ಅಷ್ಟು ಕೆಳಗಿಳಿಯುವುದಿಲ್ಲವಾದ್ದರಿಂದ ಹಾಡಿಗೆ ನಷ್ಟವಿಲ್ಲ.

ಇಷ್ಟನ್ನೂ ಸಂಜೆ ಜನ ಸೇರುವ ಮುನ್ನವೇ ಮಾಡಿ ನೋಡಬೇಕು. ‘ಹಲೋ, ಒಂದು, ಎರಡು’ ಎಂದರೆ ಸಾಲದು. ಅಜ್ಜಿಯರನ್ನೇ ಕೂರಿಸಿ ಒಂದು ಪದ ಪೂರ್ತಿ ಹಾಡಿಸಬೇಕು, ಬಯಲಿನ ಕೊನೆಗೆ ಒಬ್ಬನನ್ನು ನಿಲ್ಲಿಸಿ ಅವನಿಗೆ ಕಥೆಯ ಮಾತು ತಿಳಿಯಿತೆ ಎಂದು ಕೇಳಬೇಕು.