ಸುಳಿಯೊಳಗಿನ ಲದ್ದಿಹುಳು ನಮ್ಮದೋ, ಹೊರಗಿನದೋ? ತಲೆ, ಬಾಲ ನೋಡಿ ಗುರುತಿಸಿ

ವಿಜಯಪುರ: ಮುಂಗಾರು ಹಂಗಾಮಿನಲ್ಲಿ ತಿಕೋಟಾ, ಬಬಲೇಶ್ವರ ಕಡೆಯಿಂದ ಗಾಂಧಿ ಚೌಕಕ್ಕೆ ಬರುವ ರೈತರ ಮೊಬೈಲ್‌ನಾಗ ತೂತು ಬಿದ್ದ ಗೋವಿನಜೋಳದ ಎಲೆಯ ಫೋಟೊ ಇದ್ದೇ ಇರ್ತದ. ‘ಲದ್ದಿಹುಳು ಬಿದ್ದೈತ್ರಿ, ಎಣ್ಣಿ ಕೊಡ್ರಿ’ ಅಂತ ಕೇಳ್ತಾರೆ, ಅಂಗಡಿಯವರು ಕೊಡ್ತಾರೆ. ಆದರೆ ನಮ್ಮ ಕಡೆ ಈ ಒಂದೇ ಹೆಸರಿನಾಗ ಎರಡು ಹುಳು ಅದಾವ. ಒಂದು, ಮೊದಲಿನಿಂದಲೂ ಜೋಳಕ್ಕೆ ಬೀಳುವ ನಾಡ ಸೈನಿಕ ಹುಳು. ಇನ್ನೊಂದು, ಅಮೆರಿಕ ಖಂಡದ ಫಾಲ್ ಸೈನಿಕ ಹುಳು.

ಹೊರಗಿನ ಈ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. ಭಾರತದಲ್ಲಿ ಮೊದಲು ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಗೋವಿನಜೋಳದ ಹೊಲದಲ್ಲಿ. ಇದರ ಪತಂಗ ಒಂದೇ ರಾತ್ರಿ ನೂರು ಕಿ.ಮೀ.ವರೆಗೂ ಹಾರಬಲ್ಲದು. ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಗೋವಿನಜೋಳ ಅದಕ್ಕೆ ಭಾಳ ಇಷ್ಟ, ಜೋಳ, ಕಬ್ಬನ್ನೂ ಬಿಡುವುದಿಲ್ಲ.

ಗುರುತು ಹಿಡಿಯಲು ಇಂಚಿನಷ್ಟು ಬೆಳೆದ ಹುಳು ಬೇಕು, ಸಣ್ಣ ಮರಿಯಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ತಲೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರ ತಲೆಕೆಳಗಾದಂಥ ಬಿಳಿ ಗೆರೆ ಇರಬೇಕು. ಅದೊಂದನ್ನೇ ನಂಬಬೇಡಿ, ಬೇರೆ ಹುಳುಗಳಲ್ಲೂ ಅಂಥ ಗೆರೆ ಮಸುಕಾಗಿ ಇರಬಹುದು. ಬಾಲದ ಹತ್ತಿರ ಬೆನ್ನ ಮೇಲೆ ನಾಲ್ಕು ದಪ್ಪ ಕಪ್ಪು ಚುಕ್ಕೆ, ಗಾಂಧಿ ಚೌಕದ ಹಾಗೆಯೇ ಚೌಕಾಗಿ, ಕುಂತಿದ್ದರೆ ಅದು ಫಾಲ್ ಸೈನಿಕ ಹುಳುವೇ. ನಾಡ ಹುಳುವಿನ ತಲೆ ಮೇಲೆ ಬಲೆಯಂಥ ಗೆರೆಗಳಿರುತ್ತವೆ, ಚೌಕದ ಚುಕ್ಕೆ ಇರುವುದಿಲ್ಲ. ಕಾಂಡ ಕೊರಕದ ಮೈತುಂಬ ಸಾಲು ಸಾಲು ಚುಕ್ಕೆ. ಅದು ಬಿದ್ದರೆ ಎಲೆಯಲ್ಲಿ ಅಡ್ಡಸಾಲಾಗಿ ಸಣ್ಣ ತೂತು, ಆಮೇಲೆ ಸುಳಿಯೇ ಒಣಗಿ, ಎಳೆದರೆ ಕೈಗೆ ಬರ್ತದ.

ಇಷ್ಟೆಲ್ಲ ಯಾಕೆ ನೋಡಬೇಕು ಅಂದರೆ, ರೊಕ್ಕದ ಸಲುವಾಗಿ. ನಾಡ ಹುಳು ಹಗಲು ಮಣ್ಣಿನ ಹೆಂಟೆ ಕೆಳಗೆ, ಬುಡದಲ್ಲಿ ಅಡಗಿ ರಾತ್ರಿ ಗುಂಪಾಗಿ ಮೇಯುತ್ತದೆ, ಹಂಗಾಗಿ ಅದಕ್ಕೆ ಸಂಜೆಯೇ ಹೊಡೆಯಬೇಕು. ಫಾಲ್ ಹುಳು ಸುಳಿಯೊಳಗೇ ಕುಂತು, ಮೇಲೆ ಹಸಿ ಕಟ್ಟಿಗೆ ಪುಡಿಯಂಥ ಲದ್ದಿ ಮುಚ್ಚಿಕೊಂಡಿರುತ್ತದೆ. ಎಲೆ ಮೇಲಷ್ಟೇ ಹೊಡೆದ ಎಣ್ಣಿ ಅದಕ್ಕೆ ತಾಗುವುದೇ ಇಲ್ಲ. ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಕಲಸಿ, ಮುಂಜಾನೆ ಅಥವಾ ಸಂಜೆ, ಸುಳಿಯೊಳಗೆ ಇಳಿಯುವಂತೆ ಹೊಡೆಯಬೇಕು. ಅದೂ ಹುಳು ಸಣ್ಣದಿದ್ದಾಗ.

ಸಂಶಯ ಇದ್ದರೆ ಹುಳುವನ್ನು ಎಲೆ ಸಮೇತ ಡಬ್ಬಿಯಲ್ಲಿ ಹಾಕಿಕೊಂಡು ರೈತ ಸಂಪರ್ಕ ಕೇಂದ್ರಕ್ಕೋ, ಹಿಟ್ಟಿನಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಬಹುದು. ಅಂಗಡಿಗೆ ಫೋಟೊ ತರುವವರು ಎಲೆಯದಲ್ಲ, ಹುಳುವಿನ ತಲೆಯದೊಂದು, ಬಾಲದ್ದೊಂದು ತೆಗೆದುಕೊಂಡು ಬರ್ರಿ.